ಬೇಗ ಆಗುವ, ದೇಹಕ್ಕೆ ಹಿತವಾದ, ಪಾತ್ರೆ ಕಡಿಮೆ ಬೀಳುವ ಅಡುಗೆ: ನಿಮ್ಮ ಮನೆಯಲ್ಲಿ ಯಾವ ಕ್ರಮ?

ನೀರ್ಚಾಲಿನ ಮಾಷ್ಟ್ರು

ಶಾಲೆಯಿಂದ ನಿವೃತ್ತನಾದ ಬಳಿಕ ಮನೆಯ ಅಡುಗೆಯ ಹೊಣೆ ನನ್ನ ಪಾಲಿಗೆ ಬಂದಿದೆ. ಮನೆಯಾಕೆಗೆ ಇನ್ನೂ ಸೇವಾವಧಿ ಬಾಕಿಯಿರುವುದರಿಂದ ಆಕೆ ಬೆಳಗ್ಗೆ ಎಂಟರ ಬಸ್ಸಿಗೆ ಹೊರಡಬೇಕು. ಅದಕ್ಕೆ ಮೊದಲು ತಿಂಡಿಯೂ ಮಧ್ಯಾಹ್ನದ ಬುತ್ತಿಯೂ ಆಗಿರಬೇಕು. ಅಡುಗೆ ಮಾಡಿದವರೇ ಪಾತ್ರೆ ತೊಳೆಯುವುದು ನಮ್ಮಲ್ಲಿ ನಡೆದುಬಂದ ಕ್ರಮವಾದ್ದರಿಂದ ಎರಡು ಕೆಲಸಗಳೂ ಒಟ್ಟಿಗೇ ಬಂದುವು.

ಅಡುಗೆಯನ್ನು ಕಲಿಯುವುದು ನಾನು ಅಂಜಿದ್ದಷ್ಟು ಕಷ್ಟವಾಗಲಿಲ್ಲ. ಕಷ್ಟವೆಲ್ಲ ಆಮೇಲಿನದ್ದು. ಅನ್ನ, ಸೌತೆಕಾಯಿ ಕೊದಿಲು (ಕಾಯಿ ಅರೆದು ಹಾಕಿದ ಹುಳಿ), ಅಲಸಂಡೆ ಪಲ್ಯ, ಒಂದು ಚಟ್ನಿ ಎಂಬ ತೀರಾ ಸಾಮಾನ್ಯ ಊಟಕ್ಕೆ ಅನ್ನದ ಪಾತ್ರೆ, ಗಂಜಿ ಬಸಿಯುವ ತಟ್ಟೆ, ಬೇಳೆಯ ಕುಕ್ಕರ್, ಕೊದಿಲಿನ ಬೋಗುಣಿ, ಪಲ್ಯದ ಬಾಣಲೆ, ಮಿಕ್ಸಿಯ ದೊಡ್ಡ ಜಾರು ಮತ್ತು ಸಣ್ಣ ಜಾರು, ಒಗ್ಗರಣೆ ಸೌಟು, ಕಾಯಿ ತುರಿಯುವ ಹೆರೆಮಣೆ ಇವಿಷ್ಟೂ ತೊಳೆಯುವ ಕಲ್ಲಿನ ಮೇಲೆ ಬಂದು ಬೀಳುತ್ತವೆ, ಅದೂ ಇಬ್ಬರ ಊಟಕ್ಕೆ. ನಮ್ಮದು ಗುಡ್ಡವನ್ನು ಅಡ್ಡಲಾಗಿ ಕೊರೆದು ಪಡೆದ ಸುರಂಗದ ನೀರು. ಮಳೆಗಾಲದಲ್ಲಿ ಧಾರಾಳವಾಗಿ ಬರುವ ನೀರು ಎಪ್ರಿಲ್ ಮೇ ತಿಂಗಳಲ್ಲಿ ಕೈಬೆರಳಿನ ಗಾತ್ರಕ್ಕೆ ಇಳಿಯುವುದರಿಂದ, ಪಾತ್ರೆ ತೊಳೆಯುವುದು ಬರಿಯ ಸೋಮಾರಿತನದ ಪ್ರಶ್ನೆಯಲ್ಲವೆಂದು ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ನನಗೆ ರಕ್ತದೊತ್ತಡವಿದೆ, ಉಪ್ಪು ಎಣ್ಣೆ ಇಳಿಸಬೇಕೆಂದು ವೈದ್ಯರ ಸೂಚನೆಯಿದೆ. ದಿಢೀರ್ ಪೊಟ್ಟಣಗಳ ಸಹವಾಸ ಬೇಡ. ಮುಕ್ಕಾಲು ಗಂಟೆಯೊಳಗೆ ಮುಗಿಯುವ, ತರಕಾರಿಯೂ ಕಾಳುಬೇಳೆಯೂ ಹದವಾಗಿರುವ, ಎರಡೋ ಮೂರೋ ಪಾತ್ರೆಗಳಲ್ಲಿ ಆಗಿಬಿಡುವ ಊಟದ ಕ್ರಮವೊಂದನ್ನು ಅನುಭವಿಗಳು ತಿಳಿಸಿಕೊಡಬೇಕಾಗಿ ವಿನಂತಿ.

ಮುಳ್ಳೇರಿಯದ ಗೃಹಿಣಿ

ಮಾಷ್ಟ್ರೇ, ನೀವು ಕೊಟ್ಟ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಅರ್ಧದಷ್ಟು ಪಾತ್ರೆಗಳು ತೆಂಗಿನಕಾಯಿಯ ಹಿಂದೆ ಬಂದವು. ಕಾಯಿ ತುರಿಯುವುದು, ಅರೆಯುವುದು, ಅರೆದದ್ದನ್ನು ಕುದಿಸುವುದು, ಆಮೇಲೆ ಒಗ್ಗರಣೆ; ನಮ್ಮ ಕಡೆಯ ಅಡುಗೆಯ ರುಚಿಯೂ ಅಲ್ಲಿದೆ, ರಗಳೆಯೂ ಅಲ್ಲಿದೆ. ಆದ್ದರಿಂದ ನಾನು ಪಾಲಿಸುವ ನಿಯಮವೆಂದರೆ ವಾರದ ದಿನಗಳಲ್ಲಿ ಒಂದು ಊಟಕ್ಕೆ ಒಂದೇ ಅರಪ್ಪು, ಅಂದರೆ ಕಾಯಿ ಅರೆಯುವುದು ಒಮ್ಮೆ ಮಾತ್ರ. ಕೊದಿಲು ಮಾಡಿದ ದಿನ ಚಟ್ನಿ ಇಲ್ಲ, ತಂಬುಳಿ ಮಾಡಿದ ದಿನ ಕೊದಿಲು ಇಲ್ಲ. ಪಲ್ಯಕ್ಕೆ ಕಾಯಿತುರಿ ಉದುರಿಸಬಹುದು, ಅರೆಯಬೇಕಾಗಿಲ್ಲ.

ಬೇಗ ಆಗಬೇಕು, ಒಲೆಯ ಕೆಲಸ ಹೆಚ್ಚು ಬೇಡ ಎನ್ನುವವರಿಗೆ ತಂಬುಳಿಯಷ್ಟು ಹೇಳಿಮಾಡಿಸಿದ ಪದಾರ್ಥ ಇನ್ನೊಂದಿಲ್ಲ. ತೋಟದ ಬದಿಯಲ್ಲಿ ಸಿಗುವ ಒಂದೆಲಗವನ್ನು ಒಂದು ಹಿಡಿ ತಂದು ಚೆನ್ನಾಗಿ ತೊಳೆದು, ಎರಡು ಮೂರು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು (ಕರಿಮೆಣಸು) ಸೇರಿಸಿ ಸಣ್ಣ ಜಾರಿನಲ್ಲಿ ನುಣ್ಣಗೆ ಅರೆಯಿರಿ. ಅರೆದದ್ದನ್ನು ಬಡಿಸುವ ಪಾತ್ರೆಗೇ ಬಗ್ಗಿಸಿದ ಮೇಲೆ ಜಾರನ್ನು ಬದಿಗಿಡಬೇಡಿ. ಸೇರಿಸಬೇಕಾದ ಮಜ್ಜಿಗೆಯ ಅರ್ಧವನ್ನು ಅದೇ ಜಾರಿಗೆ ಹೊಯ್ದು ಎರಡು ಕ್ಷಣ ತಿರುಗಿಸಿದರೆ ಬ್ಲೇಡಿನ ಅಡಿಯಲ್ಲಿ ಕೂತಿದ್ದ ಹಸಿರೆಲ್ಲ ಬಿಟ್ಟುಕೊಂಡು ಬರುತ್ತದೆ. ಅದನ್ನೂ ಪಾತ್ರೆಗೆ ಸೇರಿಸಿದರೆ ಜಾರಿಗೆ ಉಳಿಯುವುದು ಒಂದು ಲೋಟ ನೀರಿನ ಕೆಲಸ ಮಾತ್ರ. ಒಗ್ಗರಣೆ ಸಿಡಿದ ಕೂಡಲೇ ಸೌಟನ್ನು ಬಿಸಿಯಿರುವಾಗಲೇ ತಂಬುಳಿಯೊಳಗೆ ಮುಳುಗಿಸಿ ಎತ್ತಿ. ಚುರ್ರೆಂದು ಸದ್ದಾಗಿ ತಳದ ಎಣ್ಣೆ, ಸಾಸಿವೆ ಎಲ್ಲ ತಂಬುಳಿಗೇ ಸೇರಿ ಸೌಟು ಬಹುಮಟ್ಟಿಗೆ ಅಲ್ಲೇ ಚೊಕ್ಕವಾಗುತ್ತದೆ. ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ), ಚಕ್ರಮುನಿ, ನೆಲ್ಲಿಕಾಯಿ, ದಾಳಿಂಬೆಯ ಚಿಗುರು, ಹೀಗೆ ತಂಬುಳಿಗೆ ಒದಗುವ ವಸ್ತು ನಮ್ಮ ಹಿತ್ತಿಲಿನಲ್ಲಿ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಚಿಗುರುಗಳನ್ನು ಮಾತ್ರ ಅದೇ ಸೌಟಿನಲ್ಲಿ ತುಸು ತುಪ್ಪ ಹಾಕಿ ಬಾಡಿಸಿಕೊಂಡು ಅರೆಯಬೇಕು.

ಕಾಯಿಯನ್ನು ದಿನವೂ ತುರಿಯಬೇಡಿ. ಆದಿತ್ಯವಾರ ಎರಡು ಕಾಯಿ ತುರಿದು ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿಟ್ಟರೆ ವಾರಕ್ಕೆ ಹೆರೆಮಣೆ ಒಂದೇ ಸಲ ಕೆಳಗಿಳಿಯುತ್ತದೆ.

ಉಪ್ಪಳದ ಪಾತ್ರೆ ಅಂಗಡಿ

ಅಕ್ಕ ಹೇಳಿದ್ದು ಸರಿಯಿದೆ. ನಾನು ವ್ಯಾಪಾರಿಯಾದರೂ ಹೊಸ ಪಾತ್ರೆ ಕೊಳ್ಳಿರೆಂದು ಮೊದಲಿಗೇ ಹೇಳುವುದಿಲ್ಲ. ಇರುವ ಕುಕ್ಕರನ್ನೇ ಪೂರ್ತಿ ಬಳಸುವವರು ಕಡಿಮೆ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ, ಒಂದರ ಮೇಲೊಂದು ಕೂರುವ ಎರಡು ಸ್ಟೀಲ್ ಡಬ್ಬಿಗಳನ್ನಿಟ್ಟರೆ ಕೆಳಗಿನದರಲ್ಲಿ ಬೇಳೆ ಮತ್ತು ದೊಡ್ಡದಾಗಿ ಹೆಚ್ಚಿದ ತರಕಾರಿ, ಮೇಲಿನದರಲ್ಲಿ ಅನ್ನ, ಎರಡೂ ಒಂದೇ ಬೆಂಕಿಯಲ್ಲಿ ಬೇಯುತ್ತವೆ. ಆ ಡಬ್ಬಿಯಲ್ಲೇ ಬೇಳೆಯನ್ನು ಸೌಟಿನಿಂದ ಮಸೆದು ಉಪ್ಪು, ಹುಳಿ ಹಾಕಿ ಒಗ್ಗರಣೆ ಕೊಟ್ಟರೆ ಬೋಗುಣಿಯ ಅಗತ್ಯವಿಲ್ಲ. ಕುಕ್ಕರಿನ ಒಳಗೆ ಬರಿಯ ನೀರು ಇದ್ದುದರಿಂದ ಅದನ್ನು ತೊಳೆಯುವ ಕೆಲಸವೂ ಇಲ್ಲ, ಬೋರಲು ಹಾಕಿದರೆ ಸಾಕು.

ಒಂದು ಎಚ್ಚರಿಕೆ ಏನೆಂದರೆ, ಬೇಯುವ ಹೊತ್ತು ಸಮನಾಗಿರುವ ವಸ್ತುಗಳನ್ನು ಮಾತ್ರ ಜೊತೆ ಮಾಡಬೇಕು. ಬೆಳ್ತಿಗೆ (ಬಿಳಿ) ಅಕ್ಕಿಗೂ ತೊಗರಿಬೇಳೆಗೂ ಹೊಂದುತ್ತದೆ. ಭತ್ತ ಬೇಯಿಸಿ ಮಾಡಿದ ಕುಚ್ಚಿಲಕ್ಕಿಗೂ ತೊಗರಿಬೇಳೆಗೂ ಹೊಂದುವುದಿಲ್ಲ. ಅಕ್ಕಿ ಬೇಯುವಷ್ಟರಲ್ಲಿ ಬೇಳೆಯೊಂದಿಗೆ ತರಕಾರಿಯೂ ಕರಗಿ ಹೋಗಿರುತ್ತದೆ. ಕುಚ್ಚಿಲಕ್ಕಿಯ ಜೊತೆಗೆ ರಾತ್ರಿ ನೆನೆಹಾಕಿದ ಕಡಲೆಯನ್ನೋ ಇಡಿ ಹೆಸರುಕಾಳನ್ನೋ ಇಡಬಹುದು. ಡಬ್ಬಿಗಳನ್ನು ಕಂಠದವರೆಗೆ ತುಂಬಿಸಬಾರದು, ಮುಕ್ಕಾಲಿಗಿಂತ ಕೆಳಗೇ ಇರಲಿ.

ಕುಂಬಳೆ ಪ್ರಯಾಣಿಕ

ನಾನು ದಿನವೂ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು, ಒಬ್ಬನೇ ಇದ್ದೇನೆ. ರಾತ್ರಿ ಮನೆಗೆ ಮುಟ್ಟುವಾಗ ಎಂಟು ದಾಟಿರುತ್ತದೆ. ಮೀನು ತಿನ್ನುವವರಿಗಾಗಿ ಒಂದು ಮಾತು ಬರೆಯುತ್ತೇನೆ. ಕಾವಲಿಯಲ್ಲಿ ಮೀನು ಕಾಯಿಸಿದರೆ ಎಣ್ಣೆ ಸಿಡಿದು ಒಲೆ, ಗೋಡೆ, ಕಾವಲಿ ಮೂರನ್ನೂ ಉಜ್ಜಬೇಕಾಗುತ್ತದೆ. ಅದರ ಬದಲು ಬಾಳೆಯೆಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿಕೊಂಡು, ಮೆಣಸಿನಪುಡಿ, ಅರಸಿನ, ಹುಳಿ, ಬೆಳ್ಳುಳ್ಳಿ ಸವರಿದ ಬೂತಾಯಿಯನ್ನು ಅದರಲ್ಲಿ ಸುತ್ತಿ, ಮಡಿಕೆ ಕೆಳಗೆ ಬರುವಂತೆ ಕಾವಲಿಯ ಮೇಲಿಟ್ಟು ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲನ್ನು ಆರೇಳು ನಿಮಿಷ ಬಿಟ್ಟರೆ ಮೀನು ತನ್ನ ರಸದಲ್ಲೇ ಬೇಯುತ್ತದೆ. ಎಣ್ಣೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಎಲೆಯಲ್ಲೇ ಉಂಡು ಎಲೆಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಕಾವಲಿಯನ್ನು ಒರೆಸುವುದೊಂದೇ ಬಾಕಿ. ಬೇಯುವ ಆ ಹೊತ್ತಿನಲ್ಲಿ ಮುಳ್ಳುಸೌತೆಯನ್ನೋ ಈರುಳ್ಳಿ ಟೊಮೆಟೊವನ್ನೋ ಹೆಚ್ಚಿಕೊಳ್ಳಬಹುದು.

ಪಥ್ಯಾಹಾರ ಸಲಹೆಗಾರ್ತಿ, ಕಾಸರಗೋಡು

ಪಾತ್ರೆಗಳ ಮಾತು ಚೆನ್ನಾಗಿ ನಡೆಯುತ್ತಿದೆ. ತಟ್ಟೆಯ ಮಾತನ್ನು ನಾನು ಸ್ವಲ್ಪ ಆಡುತ್ತೇನೆ, ಏಕೆಂದರೆ ಪಾತ್ರೆ ಕಡಿಮೆ ಮಾಡಹೊರಟವರು ಹೆಚ್ಚಾಗಿ ಮೊದಲು ಕೈಬಿಡುವುದು ತರಕಾರಿಯನ್ನು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕಿಲೊಕ್ಯಾಲರಿಯ ತಟ್ಟೆಯೊಂದರ ಲೆಕ್ಕವಿದೆ. ಅದರಂತೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು ಅಥವಾ ಅದರ ಸ್ಥಾನದಲ್ಲಿ ಬರುವ ಮೊಟ್ಟೆ ಮೀನು ಮಾಂಸ 85 ಗ್ರಾಂ, ಸೊಪ್ಪೂ ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆ ಕೊಬ್ಬು 27 ಗ್ರಾಂ. ಧಾನ್ಯ, ಬೇಳೆಗಳದ್ದು ಬೇಯಿಸುವ ಮೊದಲಿನ ತೂಕ. ನಮ್ಮ ಕಡೆಯ ಸಾಮಾನ್ಯ ಊಟವನ್ನು ಇದರ ಪಕ್ಕದಲ್ಲಿಟ್ಟರೆ ಅನ್ನ ಹೆಚ್ಚು, ತರಕಾರಿ ಕಡಿಮೆ, ಬೇಳೆ ತೀರಾ ಕಡಿಮೆ ಇರುವುದು ಕಾಣುತ್ತದೆ. ನಾಲ್ಕು ಹೋಳು ಸೌತೆಕಾಯಿ ತೇಲುವ ಕೊದಿಲನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ.

ಹಾಗಾಗಿ ಅಂಗಡಿಯವರು ಹೇಳಿದ ಎರಡು ಡಬ್ಬಿಯ ಕ್ರಮದಲ್ಲಿ ಒಂದು ತಿದ್ದುಪಡಿ ಮಾಡಿಕೊಳ್ಳಿ. ದೊಡ್ಡ ಡಬ್ಬಿ ಅನ್ನಕ್ಕಲ್ಲ, ಬೇಳೆ ತರಕಾರಿಗೆ ಇರಲಿ. ಸಣ್ಣದರಲ್ಲಿ ಅನ್ನ ಮಾಡಿ. ಡಬ್ಬಿಯ ಗಾತ್ರವೇ ನಿಮ್ಮ ತಟ್ಟೆಯ ಅಳತೆಯನ್ನು ನಿರ್ಧರಿಸುತ್ತದೆ, ಪ್ರತಿದಿನ ತೂಗಿ ನೋಡುವ ಅಗತ್ಯವಿರುವುದಿಲ್ಲ.

ಮಾಷ್ಟ್ರೇ, ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಸಪಾಟಾದ ಒಂದು ಚಹಾ ಚಮಚ. ಎರಡು ಹೊತ್ತಿನ ಅಡುಗೆ, ತಿಂಡಿ, ಮಜ್ಜಿಗೆ ಎಲ್ಲವೂ ಅದರೊಳಗೆ ಬರಬೇಕು. ಉಪ್ಪಿನಕಾಯಿಯೂ ಹಪ್ಪಳವೂ ಪ್ರತಿದಿನ ತಟ್ಟೆಯಲ್ಲಿದ್ದರೆ ಅಡುಗೆಗೆ ಉಪ್ಪು ಇಳಿಸಿ ಪ್ರಯೋಜನವಿಲ್ಲ. ಹುಳಿ, ಒಳ್ಳೆಮೆಣಸು, ಶುಂಠಿ, ಕರಿಬೇವಿನಸೊಪ್ಪು ಮುಂದಾಗಿರುವ ಪದಾರ್ಥಗಳಲ್ಲಿ ಉಪ್ಪು ಕಡಿಮೆಯಾದದ್ದು ನಾಲಗೆಗೆ ಅಷ್ಟಾಗಿ ತಿಳಿಯುವುದಿಲ್ಲವಾದ್ದರಿಂದ ತಂಬುಳಿ, ಕಾಯಿ ಹಾಕದ ಬೋಳುಹುಳಿಗಳು ನಿಮಗೆ ಅನುಕೂಲ.

ತೆಂಗಿನಕಾಯಿಯ ಬಗ್ಗೆಯೂ ಒಂದು ಮಾತು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸಂತೃಪ್ತ (ಸ್ಯಾಚುರೇಟೆಡ್) ಕೊಬ್ಬು. ತುರಿಯಲ್ಲಿ ನಾರಿನಂಶವೂ ಇರುವುದರಿಂದ ಅದು ಎಣ್ಣೆಯಷ್ಟು ಸಾಂದ್ರವಲ್ಲ. ಆದರೂ ದಿನಕ್ಕೆ ಅರ್ಧ ಕಾಯಿ ಬಳಸಿದರೆ ಇಬ್ಬರಿಗೆ ಹೆಚ್ಚಾಯಿತು.

ಮುಳ್ಳೇರಿಯದ ಗೃಹಿಣಿ

ಟೀಚರಮ್ಮನಂತೆ ಬರೆದಿದ್ದೀರಿ ತಂಗಿ, ಸಂತೋಷ. ಆದರೆ ಕಾಯಿಯ ಮೇಲಿನ ದೂರನ್ನು ನಾನು ಪೂರ್ತಿ ಒಪ್ಪಲಾರೆ. ಕಾಯಿಯಿಲ್ಲದೆ ಸಪ್ಪೆಯಾದ ಹರಿವೆಯನ್ನು ಬದಿಗೆ ಸರಿಸುವ ಮಕ್ಕಳು ಎರಡು ಚಮಚ ತುರಿ ಉದುರಿಸಿದರೆ ತಟ್ಟೆ ಖಾಲಿ ಮಾಡುತ್ತಾರೆ. ಸೊಪ್ಪು ಹೊಟ್ಟೆಗೆ ಸೇರುವುದಕ್ಕೆ ಕಾಯಿ ದಾರಿಯಾಗುವುದಾದರೆ ಆ ಎರಡು ಚಮಚವನ್ನು ಲೆಕ್ಕದಿಂದ ಬಿಡಬೇಕು. ಕಾಯಿಯೇ ಇಲ್ಲದ ಬೋಳುಹುಳಿ ನಮ್ಮಲ್ಲಿ ಹಿಂದಿನಿಂದ ಇದ್ದದ್ದೇ ಆಗಿರುವಾಗ, ವಾರದಲ್ಲಿ ಎರಡು ದಿನ ಅದನ್ನು ಮಾಡಿದರೆ ನಿಮ್ಮ ಲೆಕ್ಕವೂ ಸರಿಹೋದೀತು.

ಪಥ್ಯಾಹಾರ ಸಲಹೆಗಾರ್ತಿ, ಕಾಸರಗೋಡು

ಅಕ್ಕ, ಪಲ್ಯದ ಎರಡು ಚಮಚಕ್ಕೆ ನನ್ನ ಆಕ್ಷೇಪವಿಲ್ಲ. ನಾನು ಹೇಳಿದ್ದು ಅರಪ್ಪಿನ ಕಾಯಿಯನ್ನು. ಹರಿವೆ, ಬಸಳೆ, ನುಗ್ಗೆಸೊಪ್ಪುಗಳನ್ನು ಇಳಿಸುವಾಗ ತುಸು ಲಿಂಬೆರಸ ಹಿಂಡುವುದನ್ನೂ ರೂಢಿ ಮಾಡಿಕೊಂಡರೆ ಅದರಲ್ಲಿರುವ ವಿಟಮಿನ್ ಸಿ ಯಿಂದಾಗಿ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹಿಡಿಯುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಇದಕ್ಕೆ ವಿರುದ್ಧವಾದದ್ದು ಆಗುತ್ತದೆ.

ಪೆರಿಯದ ವಿದ್ಯಾರ್ಥಿ

ನಾನು ಇಲ್ಲಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದೇನೆ, ಗೆಳೆಯನೊಂದಿಗೆ ಬಾಡಿಗೆ ಕೋಣೆಯಲ್ಲಿದ್ದೇನೆ. ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್, ಒಂದು ಚೂರಿ ಬಿಟ್ಟರೆ ನಮ್ಮಲ್ಲಿ ಬೇರೇನೂ ಇಲ್ಲ. ಫ್ರಿಜ್ ಕೂಡ ಇಲ್ಲ. ಮಿಕ್ಸಿ ಇಲ್ಲದ ಕಾರಣ ತಂಬುಳಿಯ ದಾರಿಯೂ ನಮಗೆ ಮುಚ್ಚಿದೆ. ಹೊರಗಿನ ಪರೋಟ ತಿಂದು ಬೇಸತ್ತಿರುವ ನಮ್ಮಂಥವರಿಗೆ ಹಿರಿಯರು ಏನು ಹೇಳುತ್ತೀರಿ?

ನೀರ್ಚಾಲಿನ ಮಾಷ್ಟ್ರು

ತಮ್ಮಾ, ಕೇಳಿದವನು ನಾನಾದರೂ ಇದಕ್ಕೆ ಮಾತ್ರ ನಾನೇ ಉತ್ತರ ಹೇಳಬಲ್ಲೆ. ಕೇರಳದ ಶಾಲೆಗಳಲ್ಲಿ ಬಹುಕಾಲ ಮಧ್ಯಾಹ್ನದ ಊಟವೆಂದರೆ ಕಂಜಿಯೂ ಪಯರೂ, ಅಂದರೆ ಗಂಜಿ ಮತ್ತು ಹೆಸರುಕಾಳು. ನಾನು ಸೇವೆಗೆ ಸೇರಿದಾಗ ನೂರಾರು ಮಕ್ಕಳಿಗೆ ಎರಡೇ ಹಂಡೆಗಳಲ್ಲಿ ಊಟವಾಗುತ್ತಿದ್ದುದನ್ನು ಪ್ರತಿದಿನ ನೋಡಿದವನು. ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಹೆಸರುಕಾಳು, ಹೆಚ್ಚು ನೀರು, ಒಂದು ಚಮಚ ಮೆಂತ್ಯ, ಎರಡು ಎಸಳು ಬೆಳ್ಳುಳ್ಳಿ, ಹೆಚ್ಚಿದ ನುಗ್ಗೆಸೊಪ್ಪು ಅಥವಾ ಕ್ಯಾರೆಟ್ ಎಲ್ಲವನ್ನೂ ನಿಮ್ಮ ಕುಕ್ಕರಿಗೇ ಹಾಕಿ ಬೇಯಿಸಿದರೆ ಇಬ್ಬರಿಗೆ ರಾತ್ರಿಯ ಊಟವಾಯಿತು. ಹೆಸರುಕಾಳನ್ನು ನೆನೆಹಾಕುವ ಗೊಡವೆಯೂ ಇಲ್ಲ.

ಪಥ್ಯಾಹಾರ ಸಲಹೆಗಾರ್ತಿ, ಕಾಸರಗೋಡು

ಮಾಷ್ಟ್ರು ಹೇಳಿದ ಅಳತೆ ಒಳ್ಳೆಯದಿದೆ. ಹೆಸರುಕಾಳಿನಲ್ಲಿ 100 ಗ್ರಾಂಗೆ 22ರಿಂದ 24 ಗ್ರಾಂನಷ್ಟು ಪ್ರೋಟೀನು ಇದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಂಶವನ್ನು ಕಾಳು ತುಂಬಿಕೊಡುತ್ತದೆ. ಕುಚ್ಚಿಲಕ್ಕಿಯಾದರೆ ಮತ್ತೂ ಒಳ್ಳೆಯದು, ಏಕೆಂದರೆ ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಗುಂಪಿನ ವಿಟಮಿನುಗಳ ಒಂದು ಪಾಲು ಅಕ್ಕಿಯ ಒಳಕ್ಕೆ ಇಳಿದಿರುತ್ತದೆ. ಗಂಜಿಯಲ್ಲಿ ನೀರು ಬಸಿದು ಚೆಲ್ಲುವುದಿಲ್ಲವಾದ್ದರಿಂದ ಅದೂ ಹೋಗುವುದಿಲ್ಲ.

ಫ್ರಿಜ್ ಇಲ್ಲದ ನಿಮಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಂದ ಅನ್ನವನ್ನು ಬೆಳಗ್ಗಿನಿಂದ ರಾತ್ರಿಯವರೆಗೆ ಹಾಗೆಯೇ ಇಟ್ಟು ಬಿಸಿ ಮಾಡಿ ಉಣ್ಣಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೇಯುವಾಗ ಸಾಯುವುದಿಲ್ಲ. ಅನ್ನ ಆರಿ ಉಗುರುಬೆಚ್ಚಗೆ ಕೂತಾಗ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಪುನಃ ಕುದಿಸಿದರೂ ನಾಶವಾಗುವುದಿಲ್ಲ. ಎರಡು ಗಂಟೆಯೊಳಗೆ ಉಣ್ಣಬೇಕು, ಇಲ್ಲವೇ ತಣಿಸಿ ಫ್ರಿಜ್ಜಿಗೆ ಸೇರಿಸಬೇಕು. ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ನಿಮಗೆ ಕ್ಷೇಮ.

ನೀರ್ಚಾಲಿನ ಮಾಷ್ಟ್ರು

ಹಾಗಾದರೆ ನಮ್ಮ ತಂಗಳನ್ನದ ಗತಿಯೇನು? ರಾತ್ರಿ ಉಳಿದ ಕುಚ್ಚಿಲಕ್ಕಿ ಅನ್ನಕ್ಕೆ ನೀರು ಹೊಯ್ದಿಟ್ಟು ಬೆಳಗ್ಗೆ ಮಜ್ಜಿಗೆ, ನೀರುಳ್ಳಿ, ಗಾಂಧಾರಿ ಮೆಣಸಿನೊಂದಿಗೆ ಉಂಡು ತೋಟಕ್ಕೆ ಹೋದ ತಲೆಮಾರುಗಳು ನಮ್ಮವು. ಪಾತ್ರೆಯೂ ಒಂದೇ, ಬೆಂಕಿಯೂ ಬೇಡ.

ಪಥ್ಯಾಹಾರ ಸಲಹೆಗಾರ್ತಿ, ಕಾಸರಗೋಡು

ನೀರು ಹೊಯ್ದು ಹುಳಿಬರಿಸುವ ಅನ್ನವೂ ಸುಮ್ಮನೆ ಆರಿ ಕೂತ ಅನ್ನವೂ ಒಂದೇ ಅಲ್ಲ. ನೀರಿನಲ್ಲಿ ಬೆಳೆಯುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹುಳಿಯನ್ನು ಏರಿಸಿ ಇತರ ಕೆಟ್ಟ ಜೀವಿಗಳನ್ನು ಹತ್ತಿಕ್ಕುತ್ತವೆ. ಆದರೆ ಅನ್ನ ಗಂಟೆಗಟ್ಟಲೆ ಆರಿದ ಮೇಲೆ ನೀರು ಹೊಯ್ದರೆ ಆ ರಕ್ಷಣೆಯನ್ನು ನಂಬುವಂತಿಲ್ಲ. ಊಟ ಮುಗಿದೊಡನೆ, ಚೊಕ್ಕ ಪಾತ್ರೆಯಲ್ಲಿ, ಶುದ್ಧ ನೀರಿನಲ್ಲಿ ಮುಳುಗಿಸಿಡಬೇಕು. ಲೋಳೆ ಬಂದಿದ್ದರೆ, ಕೆಟ್ಟ ವಾಸನೆಯಿದ್ದರೆ ದನಕ್ಕೂ ಕೊಡಬೇಡಿ. ಸಣ್ಣ ಮಕ್ಕಳಿಗೂ ಗರ್ಭಿಣಿಯರಿಗೂ ಕಾಯಿಲೆಯಿಂದ ಎದ್ದವರಿಗೂ ನಾನು ಇದನ್ನು ಸೂಚಿಸುವುದಿಲ್ಲ.

ಉಪ್ಪಳದ ಪಾತ್ರೆ ಅಂಗಡಿ

ಪೆರಿಯದ ತಮ್ಮನಿಗೆ: ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತವನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ, ಅಂಟದಿದ್ದರೆ ನಡೆಯುವುದಿಲ್ಲ. ಬರಿಯ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗದು, ಸ್ಟೀಲಿನ ತಳ ಕೂಡಿಸಿದ್ದಾಗಿರಬೇಕು.

ಕುಚ್ಚಿಲಕ್ಕಿಯ ಮಾತು ಬಂದುದರಿಂದ ಚೂಡಾರಾಪೆಟ್ಟಿಯನ್ನು ನೆನಪಿಸುತ್ತೇನೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹಿಂದೆ ಊರೂರುಗಳಲ್ಲಿ ಪ್ರಚಾರ ಮಾಡಿದ ಬಿಸಿ ಆರದ ಪೆಟ್ಟಿಗೆ ಅದು. ಈಗ ಅದೇ ತತ್ವದ ಸ್ಟೀಲಿನ ಥರ್ಮಲ್ ಕುಕ್ಕರ್‌ಗಳು ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿವೆ. ತೊಳೆದ ಕುಚ್ಚಿಲಕ್ಕಿಯನ್ನು ಒಳಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಬಿರುಸಾಗಿ ಕುದಿಸಿ, ಮುಚ್ಚಳದೊಂದಿಗೆ ಹೊರಪಾತ್ರೆಯೊಳಗೆ ಇಳಿಸಿ ಮುಚ್ಚಿಬಿಟ್ಟರೆ ಒಂದು ಒಂದೂವರೆ ಗಂಟೆಯಲ್ಲಿ ತಾನಾಗಿ ಬೆಂದಿರುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಉರಿಯಬೇಕಾದ ಗ್ಯಾಸು ಉಳಿಯುತ್ತದೆ, ತಳ ಹಿಡಿಯುವುದಿಲ್ಲ, ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲುವುದಿಲ್ಲ. ಒಲೆ ಒರೆಸುವ ಕೆಲಸವೂ ಪಾತ್ರೆ ತೊಳೆಯುವ ಕೆಲಸದ ಲೆಕ್ಕಕ್ಕೇ ಸೇರಬೇಕಲ್ಲವೇ? ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡುವವರಿಗೆ ಮಾತ್ರ ಇದು ಹೇಳಿಸಿದ್ದಲ್ಲ.

ಪಥ್ಯಾಹಾರ ಸಲಹೆಗಾರ್ತಿ, ಕಾಸರಗೋಡು

ಇದಕ್ಕೆ ಎರಡು ಷರತ್ತುಗಳನ್ನು ಸೇರಿಸುತ್ತೇನೆ. ರಾತ್ರಿ ಇಳಿಸಿ ಬೆಳಗ್ಗೆ ತೆಗೆಯುವ ರೂಢಿ ಒಳ್ಳೆಯದಲ್ಲ, ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಆಗಲೇ ಹೇಳಿದ ತೊಂದರೆಯೇ ಆರಂಭವಾಗುತ್ತದೆ. ಎರಡನೆಯದಾಗಿ, ಕೆಂಪು ರಾಜ್ಮಾವನ್ನು ಬರಿಯ ಚೂಡಾರಾಪೆಟ್ಟಿಯನ್ನು ನಂಬಿ ಬೇಯಿಸಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ಹೊಟ್ಟೆಗೆ ಬಹಳ ಕೆಟ್ಟದ್ದು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಬಿರುಸಾಗಿ ಕುದಿಸಿದರೆ ಅಥವಾ ಕುಕ್ಕರಿನಲ್ಲಿ ಬೇಯಿಸಿದರೆ ಮಾತ್ರ ಅದು ಹೋಗುತ್ತದೆ. ಅರೆಬಿಸಿಯಲ್ಲಿ ಬೆಂದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ಅಪಾಯಕಾರಿ.

ತಾಳವಾಡಿಯ ರಾಗಿಹೊಲ

ನಾವು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿರುವ ಕನ್ನಡಿಗರು. ನಿಮ್ಮ ತೆಂಗಿನಕಾಯಿಯ ಜಗಳವನ್ನು ಓದುತ್ತಾ ನಗು ಬಂತು, ನಮ್ಮಲ್ಲಿ ಆ ರಗಳೆ ಅಷ್ಟಿಲ್ಲ. ಹುರುಳಿಕಾಳನ್ನೋ ಅವರೆಕಾಳನ್ನೋ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಅದೇ ಪಾತ್ರೆಗೆ ದಂಟಿನ ಸೊಪ್ಪನ್ನು ಹಾಕುತ್ತೇವೆ. ಬೆಂದ ಮೇಲೆ ಬಸಿದ ಕಟ್ಟಿಗೆ ಉಪ್ಪು, ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಹುಳಿ ಸೇರಿಸಿದರೆ ಸಾರು. ಮೇಲುಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಿಂದ ಎರಡು ಪದಾರ್ಥ, ನೀರಿಗಿಳಿದ ಸತ್ವವೂ ಹೊರಗೆ ಹೋಗುವುದಿಲ್ಲ. ಜೊತೆಗೆ ಮುದ್ದೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣಾಂಶವಿದೆಯೆಂಬುದನ್ನು ಸಲಹೆಗಾರ್ತಿಯವರು ಬಲ್ಲರು.

ಮುದ್ದೆಯ ಪಾತ್ರೆ ತೊಳೆಯುವುದು ಕಷ್ಟವೆಂದು ಪೇಟೆಯವರು ಹೇಳುವುದುಂಟು. ಮುದ್ದೆ ಕಟ್ಟಿದ ಕೂಡಲೇ ಉಜ್ಜಲು ಹೋದರೆ ಕಷ್ಟವೇ. ಪಾತ್ರೆಗೆ ತಣ್ಣೀರು ತುಂಬಿ ಊಟ ಮುಗಿಯುವವರೆಗೆ ಬಿಟ್ಟರೆ ಒಳಗೋಡೆಗೆ ಹತ್ತಿದ ರಾಗಿಯೆಲ್ಲ ಪದರವಾಗಿ ಎದ್ದು ಬರುತ್ತದೆ. ಆ ನೀರನ್ನು ಕಲಗಚ್ಚಿಗೆ ಸೇರಿಸಿ ಎಮ್ಮೆಗೆ ಕೊಡುತ್ತೇವೆ.

ಮುಳ್ಳೇರಿಯದ ಗೃಹಿಣಿ

ನೀರಿನ ಅಭಾವವಿರುವವರಿಗೆ ತೊಳೆಯುವ ಕ್ರಮವೂ ಮುಖ್ಯವೆನ್ನುವುದನ್ನು ತಾಳವಾಡಿಯವರು ನೆನಪಿಸಿದರು. ನಾನು ಅಕ್ಕಿ ತೊಳೆದ ಅಕ್ಕಚ್ಚನ್ನು ಚೆಲ್ಲದೆ ಒಂದು ಬೋಗುಣಿಯಲ್ಲಿ ಇಟ್ಟುಕೊಂಡು, ಖಾಲಿಯಾದ ಪಾತ್ರೆಗಳ ಜಿಗುಟನ್ನು ಮೊದಲು ಅದರಿಂದಲೇ ಬಿಡಿಸಿ ದನದ ಬಾನಿಗೆ ಹೊಯ್ಯುತ್ತೇನೆ. ಎಣ್ಣೆ ಹಿಡಿದ ಬಾಣಲೆಯನ್ನು ಎಲ್ಲಕ್ಕಿಂತ ಕೊನೆಗೆ ಬೇರೆಯಾಗಿ ತೊಳೆಯಬೇಕು. ಅದನ್ನು ಉಳಿದವುಗಳ ಮೇಲೆ ಕವುಚಿದರೆ ಎಲ್ಲಕ್ಕೂ ಸಾಬೂನು ಬೇಕಾಗುತ್ತದೆ. ಮೊದಲೇ ಒಣಗಿದ ತೆಂಗಿನ ನಾರಿನಿಂದ ಅದನ್ನು ಒರೆಸಿಬಿಟ್ಟರೆ ನೀರು ಅರ್ಧಕ್ಕರ್ಧ ಉಳಿಯುತ್ತದೆ.

ಕುಂಬಳೆ ಪ್ರಯಾಣಿಕ

ಬೆಳಗ್ಗಿನ ತಿಂಡಿಯ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೆಚ್ಚಿನ ದಿನ ತೆಳು ಅವಲಕ್ಕಿಗೆ ಮೊಸರು, ತುರಿದ ಮುಳ್ಳುಸೌತೆ, ಮೊಳಕೆ ಹೆಸರು ಕಲಸಿ ತಿಂದು ಹೊರಡುತ್ತೇನೆ. ಬೌಲು ಒಂದು, ಚಮಚ ಒಂದು. ನೀರುದೋಸೆ ಆದಿತ್ಯವಾರಕ್ಕೆ.

ನೀರ್ಚಾಲಿನ ಮಾಷ್ಟ್ರು

ಎಲ್ಲರಿಗೂ ವಂದನೆಗಳು. ಇಷ್ಟನ್ನು ಓದಿದ ಮೇಲೆ ನಮ್ಮ ಮನೆಗೆ ಹೊಂದುವಂತೆ ಹೀಗೊಂದು ಕ್ರಮವನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ರಾತ್ರಿಯೇ ತರಕಾರಿ ಹೆಚ್ಚಿ ಫ್ರಿಜ್ಜಿನಲ್ಲಿಡುವುದು. ಬೆಳಗ್ಗೆ ಎದ್ದೊಡನೆ ಎರಡು ಡಬ್ಬಿಯ ಕುಕ್ಕರನ್ನು ಒಲೆಗೇರಿಸುವುದು, ಅದು ಕೂಗುವಷ್ಟರಲ್ಲಿ ಅವಲಕ್ಕಿಯ ತಿಂಡಿಯನ್ನು ಕಲಸುವುದು. ಕುಕ್ಕರ್ ಇಳಿಸಿದ ಒಲೆಯಲ್ಲೇ ಸೊಪ್ಪಿನ ಪಲ್ಯ. ಮಧ್ಯಾಹ್ನ ನನಗೊಬ್ಬನಿಗೆ ತಂಬುಳಿಯ ಜೊತೆ ಬೆಳಗ್ಗಿನ ಪಲ್ಯ, ರಾತ್ರಿ ಇಬ್ಬರಿಗೂ ಹೆಸರುಕಾಳಿನ ಗಂಜಿ. ಅರೆಯುವ ಕೆಲಸ ದಿನಕ್ಕೊಮ್ಮೆ ಮಾತ್ರ. ಬೆಳಗ್ಗಿನ ಪಲ್ಯದಲ್ಲಿ ನನ್ನ ಪಾಲನ್ನು ತಣಿಸಿ ಫ್ರಿಜ್ಜಿಗೆ ಹಾಕಿ ಮಧ್ಯಾಹ್ನ ಬಿಸಿ ಮಾಡಿಕೊಳ್ಳುವುದು ಸರಿಯೆಂದು ಭಾವಿಸುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿರುವುದು ಮೂರು ಲೀಟರಿನ, ಮುಚ್ಚಳ ಒಳಗೆ ಕೂರುವ ಕುಕ್ಕರ್. ಅದರಲ್ಲಿ ಎರಡು ಡಬ್ಬಿಗಳು ಹಿಡಿಯಬಹುದೇ?

ಉಪ್ಪಳದ ಪಾತ್ರೆ ಅಂಗಡಿ

ಹಿಡಿಯುವುದಿಲ್ಲ, ಮಾಷ್ಟ್ರೇ. ಮುಚ್ಚಳ ಒಳಗೆ ಕೂರುವ ಕುಕ್ಕರಿನ ಬಾಯಿ ಮೈಗಿಂತ ಕಿರಿದಾಗಿರುವುದರಿಂದ ಅಗಲದ ಡಬ್ಬಿ ಇಳಿಯುವುದೇ ಇಲ್ಲ. ಮೂರು ಲೀಟರಿಗೆ ಎತ್ತರವೂ ಸಾಲದು. ಐದು ಲೀಟರಿನ, ಮುಚ್ಚಳ ಹೊರಗೆ ಕೂರುವ, ಉದ್ದನೆಯ ಮೈಯದ್ದು ನಿಮಗೆ ಸರಿಯಾಗುತ್ತದೆ. ಕೊಳ್ಳುವಾಗ ಡಬ್ಬಿಗಳನ್ನು ಅಂಗಡಿಯಲ್ಲೇ ಒಳಗಿಟ್ಟು ಮುಚ್ಚಳ ಹಾಕಿ ನೋಡಿ, ಮೇಲಿನ ಡಬ್ಬಿ ಮುಚ್ಚಳದ ಒಳಭಾಗದ ವಾಲ್ವಿಗೆ ತಾಗಬಾರದು. ಐಎಸ್‌ಐ ಗುರುತು ಇದೆಯೇ ಎಂದು ತಿರುಗಿಸಿ ನೋಡಿ. ಹಳೆಯ ಮೂರು ಲೀಟರಿನದ್ದನ್ನು ಕೊಟ್ಟುಬಿಡಬೇಡಿ, ರಾತ್ರಿಯ ಗಂಜಿಗೆ ಅದೇ ಸಾಕು. ಗಂಜಿ ಮಾಡಿದ ದಿನವೆಲ್ಲ ವೆಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ತೆಳಿ ಕಟ್ಟಿಕೊಂಡಿದ್ದರೆ ಊದಿ ತೆಗೆದ ಮೇಲೆಯೇ ಮರುದಿನ ಒಲೆಗೇರಿಸಿ.